ಒಂದು ಚಂದಾ, ಮನೆತುಂಬ ಓದುಗರು

ಒಂದೇ ಖಾತೆಯಲ್ಲಿ ಇಬ್ಬರು ಒಂದೇ ಹೊತ್ತಿಗೆ ಒಂದೇ ಪುಸ್ತಕವನ್ನು ಓದಬಾರದು. ಇ-ಪುಸ್ತಕಗಳಿಗೆ ಚಂದಾ ಕಟ್ಟಿ ಮನೆಮಂದಿಗೆಲ್ಲ ಹಂಚಬೇಕು ಅಂದುಕೊಂಡವರಿಗೆ ನಾನು ಮೊದಲು ಹೇಳುವ ಮಾತು ಇದು. ಹಣ ಯಾರು ಕಟ್ಟಬೇಕು, ಒಟಿಪಿ ಯಾರ ಫೋನಿಗೆ ಬರಬೇಕು ಎಂಬುದೆಲ್ಲ ಆಮೇಲಿನದು.

ಇಂಥ ಆಪ್‌ಗಳಿಗೆ ಓದುವ ಮನುಷ್ಯ ಗೊತ್ತಿಲ್ಲ, ಖಾತೆ ಮಾತ್ರ ಗೊತ್ತು. ಫೋನಿನಲ್ಲಿ ಅರ್ಧ ಓದಿ ಟ್ಯಾಬ್ ತೆರೆದರೆ ಬಿಟ್ಟಲ್ಲಿಂದಲೇ ಮುಂದುವರಿಯಲಿ ಎಂದು, ಆ ಖಾತೆಯಲ್ಲಿ ಎಲ್ಲಕ್ಕಿಂತ ಮುಂದೆ ಮುಟ್ಟಿದ ಪುಟ ಯಾವುದೋ ಅಲ್ಲಿಗೆ ಅವು ಎಲ್ಲ ಸಾಧನಗಳನ್ನೂ ಎಳೆದುಕೊಂಡು ಹೋಗುತ್ತವೆ. ಓದುವವರು ಒಬ್ಬರೇ ಆದರೆ ಬಹಳ ಅನುಕೂಲ. ನಮ್ಮಲ್ಲಿ ಧಾರವಾಡದ ಮನೆಯ ಪಡಸಾಲೆಯಲ್ಲಿ ಮಾವನವರು ಟ್ಯಾಬ್ ಹಿಡಿದಿದ್ದರು. ಬೆಂಗಳೂರಿನ ವಿಜಯನಗರದ ಪಿ.ಜಿ.ಯಲ್ಲಿ ಪರೀಕ್ಷೆಗೆ ಕೂತ ಮಗಳು ಫೋನ್ ಹಿಡಿದಿದ್ದಳು. ಇಬ್ಬರ ಮುಂದೆಯೂ ರಾಮಚಂದ್ರ ಗುಹಾ ಅವರ ‘ಇಂಡಿಯಾ ಆಫ್ಟರ್ ಗಾಂಧಿ’. ಒಂದು ಮುಂಜಾನೆ ಮಾವನವರ ದನಿ ಅಡುಗೆಮನೆಯವರೆಗೆ ಬಂತು: “ರಾತ್ರಿ ಮಲಗೂಮುಂದ ನಾ ನೆಹರೂ ಕಾಲದಾಗ ಇದ್ದೆ. ಈಗ ನೋಡಿದ್ರ ಎಮರ್ಜೆನ್ಸಿ ನಡದೈತಿ. ಯಾರವ್ವಾ ನನ್ನ ಪುಸ್ತಕ ತಿರುವಿದಾಕಿ?”

ಆ ಪುಸ್ತಕ ಚಂದಾದೊಳಗೆ ಇದ್ದದ್ದಲ್ಲ, ಬೇರೆಯಾಗಿ ದುಡ್ಡು ಕೊಟ್ಟು ಅದೇ ಖಾತೆಗೆ ಹಾಕಿಕೊಂಡದ್ದು. ಇದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಚಂದಾ ಎಂದರೆ ಅಂಗಡಿಯಲ್ಲಿರುವ ಪುಸ್ತಕಗಳೆಲ್ಲ ಅಲ್ಲ. ಪ್ರಕಾಶಕರು ಆ ಯೋಜನೆಗೆ ಒಪ್ಪಿ ಬಿಟ್ಟುಕೊಟ್ಟಷ್ಟು ಮಾತ್ರ. ಮನೆಯಲ್ಲಿ ಜಗಳ ಹಚ್ಚುವಷ್ಟು ಬೇಕಾದ ಪುಸ್ತಕಗಳು ಸಾಮಾನ್ಯವಾಗಿ ಅದರ ಹೊರಗೇ ಇರುತ್ತವೆ.

ಪುಟ ಜಿಗಿಯುವುದಕ್ಕೆ ಮದ್ದು ಇತ್ತು. ಸೆಟ್ಟಿಂಗ್ಸಿನಲ್ಲಿ ಹುಡುಕಿ ಪುಟದ ಹೊಂದಾಣಿಕೆಯನ್ನು ನಿಲ್ಲಿಸಿದೆವು. ಅಡಿಗೆರೆ, ಟಿಪ್ಪಣಿಗಳ ಹೊಂದಾಣಿಕೆ ಹಾಗೇ ಉಳಿಯಿತು. ಅದನ್ನು ಯಾರೂ ಬೇಕೆಂದು ಉಳಿಸಿದ್ದಲ್ಲ, ಅದರ ಕಡೆ ಗಮನವೇ ಹೋಗಿರಲಿಲ್ಲ. ಆದರೆ ಈ ಹಂಚಿಕೆಯಿಂದ ನಮಗೆ ಸಿಕ್ಕ ದೊಡ್ಡ ಲಾಭ ಅಲ್ಲೇ ಇತ್ತು. ಮಾವನವರು ಬೆರಳಿನಿಂದ ಗೆರೆ ಎಳೆಯುತ್ತಾರೆ; ಗೆರೆ ಸಾಲದಿದ್ದರೆ ಮೈಕಿನ ಚಿತ್ರ ಒತ್ತಿ ಕನ್ನಡದಲ್ಲಿ ಮಾತಾಡುತ್ತಾರೆ, ಅದು ಅಕ್ಷರವಾಗಿ ಕೂರುತ್ತದೆ. ಭಾಷಾವಾರು ರಾಜ್ಯಗಳ ಅಧ್ಯಾಯಕ್ಕೆ ಬಂದಾಗ ಮಗಳಿಗೆ ಅಂಚಿನಲ್ಲಿ ಅಜ್ಜನ ಟಿಪ್ಪಣಿ ಕಂಡಿತು. ಅದರಲ್ಲಿ 1953ರ ಹುಬ್ಬಳ್ಳಿ ಗಲಾಟೆ ಇತ್ತು, ಅದರಗುಂಚಿ ಶಂಕರಗೌಡರ ಉಪವಾಸ ಇತ್ತು. ಸಂತೆಗೆ ಹೋದ ತಮ್ಮ ಅಪ್ಪ ರಾತ್ರಿಯಾದರೂ ಮನೆಗೆ ಬಾರದೆ ಅವ್ವ ಬಾಗಿಲಲ್ಲೇ ನಿಂತಿದ್ದಳು ಎಂಬುದೂ ಇತ್ತು. ಅವರಿಗಾಗ ಒಂಬತ್ತು ವರ್ಷ. ಮಗಳಿಗೆ ಫಜಲ್ ಅಲಿ ಆಯೋಗ 1953, ರಾಜ್ಯ ಪುನರ್ವಿಂಗಡಣೆ 1956ರ ನವೆಂಬರ್ 1 ಎಂಬುದು ಬಾಯಿಪಾಠ. ಆ ಎರಡು ಇಸವಿಗಳ ನಡುವೆ ತನ್ನ ಮನೆಯೂ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಅವತ್ತು ಫೋನ್ ಮಾಡಿದವಳು ನನ್ನನ್ನು ಚೆನ್ನಾಗಿದ್ದೀಯಾ ಎಂದೂ ಕೇಳದೆ “ಅಜ್ಜಗ ಕೊಡು” ಅಂದಳು. ಪರೀಕ್ಷೆ ಮುಗಿಯುವವರೆಗೂ ಇಬ್ಬರದೂ ಅದೇ ಕೆಲಸ: ಅವಳು ಪ್ರಶ್ನೆ ಬರೆಯುವುದು, ಅವರು ಅದರ ಕೆಳಗೆ ಉತ್ತರ ಹೇಳುವುದು. ಆಮೇಲೆ ಎಲ್ಲರಿಗೂ ಬೇರೆ ಬೇರೆ ಖಾತೆ ಮಾಡಿಕೊಟ್ಟಾಗಲೂ ಆ ಒಂದು ಪುಸ್ತಕವನ್ನು ಹಳೆಯ ಖಾತೆಯಲ್ಲೇ ಬಿಡಬೇಕೆಂದು ಹಟ ಹಿಡಿದಳು. ಬಿಟ್ಟಿದ್ದೇವೆ.

ಮಾವನವರಿಗೆ ಚಂದಾ ಹೊಸದಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ್ದೇ ಚಂದಾದಾರರನ್ನು ನಂಬಿ. ವರ್ಷಕ್ಕೆ ಇಷ್ಟು ಎಂದು ಕೊಟ್ಟವರ ಮನೆಗೆ ಪುಸ್ತಕಗಳು ಬರುತ್ತಿದ್ದವು. ಮಾವನವರ ಚಿಕ್ಕಪ್ಪ ಅದರ ಚಂದಾದಾರರಾಗಿದ್ದರಂತೆ. ಹೆಸರು ಒಬ್ಬರದು, ಓದುವವರು ಓಣಿಯ ತುಂಬ. ಒಬ್ಬರ ಕೈಯಲ್ಲಿ ಪುಸ್ತಕ ಇದ್ದಾಗ ಉಳಿದವರು ಕಾಯುತ್ತಿದ್ದರು. ಡಿಜಿಟಲ್ ಚಂದಾದಲ್ಲಿ ಈ ಕಾಯುವ ಕಷ್ಟ ಇಲ್ಲ. ಅದಕ್ಕೇ ಹಂಚಿಕೆಯ ತೊಂದರೆಗಳೂ ಬೇರೆ.

ದೊಡ್ಡ ತೊಂದರೆ ಕಪಾಟಿನದು. ಖಾತೆ ಒಂದೇ ಆದರೆ ಆಪ್ ತೆರೆದ ಕೂಡಲೇ ‘ಈಗ ಓದುತ್ತಿರುವುದು’ ಎಂಬ ಸಾಲು ಎಲ್ಲರಿಗೂ ಕಾಣುತ್ತದೆ. ನಾನು ಮುಟ್ಟು ನಿಲ್ಲುವ ಕಾಲದ ಆರೋಗ್ಯದ ಬಗ್ಗೆ ಒಂದು ಪುಸ್ತಕ ತೆಗೆದಿದ್ದೆ. ಅದು ಮಾವನವರ ಟ್ಯಾಬಿನಲ್ಲಿ, ಅವರ ಇತಿಹಾಸದ ಪುಸ್ತಕಗಳಿಗಿಂತ ಮುಂದೆ, ದೊಡ್ಡ ಮುಖಪುಟದೊಂದಿಗೆ ಬಂದು ನಿಂತಿತು. ಅವರು ಏನೂ ಅನ್ನಲಿಲ್ಲ. ಎರಡು ದಿನ ಟ್ಯಾಬ್ ಮುಟ್ಟದೆ ಪೇಪರನ್ನೇ ಮೊದಲಿನಿಂದ ಕೊನೆಯತನಕ ಓದಿದರು. ನನಗೆ ನಾಚಿಕೆಗಿಂತ ಸಿಟ್ಟು ಬಂತು. ಒಬ್ಬ ಮನುಷ್ಯನ ಕಪಾಟು ನೋಡಿದರೆ ಅವನ ಕಾಯಿಲೆ, ಸಾಲ, ಅನುಮಾನ, ಆಸೆ ಎಲ್ಲವೂ ಗೊತ್ತಾಗುತ್ತವೆ. ಹರೆಯದ ಮಕ್ಕಳಿರುವ ಮನೆಯಲ್ಲಂತೂ ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಅಪ್ಪ ನೋಡುತ್ತಾನೆ ಎಂದು ಗೊತ್ತಾದರೆ ಮಕ್ಕಳು ಓದುವುದನ್ನು ಬಿಡುವುದಿಲ್ಲ, ಅಲ್ಲಿ ಓದುವುದನ್ನು ಬಿಡುತ್ತಾರೆ. ಆಗ ನೀವು ಕಟ್ಟಿದ ಚಂದಾದಿಂದ ಯಾರಿಗೂ ಉಪಯೋಗವಿಲ್ಲ.

ಹಾಗಾಗಿ ಹಂಚಿಕೊಳ್ಳಬೇಕಾದದ್ದು ಹಣವನ್ನು, ಖಾತೆಯನ್ನಲ್ಲ. ಕೆಲವು ಸೇವೆಗಳು ಇದಕ್ಕೆ ದಾರಿ ಮಾಡಿಕೊಟ್ಟಿವೆ. ಗೂಗಲ್ ಪ್ಲೇನಲ್ಲಿ ಕುಟುಂಬದ ಗುಂಪು ಮಾಡಿಕೊಂಡರೆ ಒಬ್ಬರು ಕೊಂಡ ಪುಸ್ತಕವನ್ನು ಇನ್ನೂ ಐದು ಜನ ತಮ್ಮ ತಮ್ಮ ಖಾತೆಯಲ್ಲೇ ಓದಬಹುದು. ಎಲ್ಲ ಪುಸ್ತಕಗಳಿಗೂ ಇದು ಅನ್ವಯಿಸುವುದಿಲ್ಲ, ಪ್ರಕಾಶಕರ ಒಪ್ಪಿಗೆ ಬೇಕು. ಪುಟ ಅವರವರದು. ಗುಂಪಿಗೆ ಏನನ್ನು ಸೇರಿಸಬೇಕು, ಏನನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು ಎಂಬುದು ಕೊಂಡವರ ಇಷ್ಟ. ಎರಡು ಷರತ್ತುಗಳು ಮಾತ್ರ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಗುಂಪಿನವರೆಲ್ಲ ಒಂದೇ ದೇಶದಲ್ಲಿರಬೇಕು. ಒಂದು ಗುಂಪು ಬಿಟ್ಟು ಇನ್ನೊಂದನ್ನು ಸೇರುವುದು 12 ತಿಂಗಳಿಗೆ ಒಮ್ಮೆ ಮಾತ್ರ ಸಾಧ್ಯ. ಮೈದುನ ಅಮೆರಿಕದಲ್ಲಿದ್ದಾನೆ. “ವೈನಿ, ದುಡ್ಡು ನಾ ಕಟ್ತೀನಿ, ನೀವೆಲ್ಲಾ ಓದ್ರಿ” ಎಂದ. ಅವನ ಪ್ರೀತಿ ದೊಡ್ಡದು, ಆದರೆ ದೇಶ ಬೇರೆ. ಈಗ ಹಬ್ಬಕ್ಕೆ ಹಣ ಕಳಿಸುತ್ತಾನೆ, ಪುಸ್ತಕ ನಾವೇ ಕೊಳ್ಳುತ್ತೇವೆ.

ಹಣದ ವಿಷಯ ಬಂತಲ್ಲ. 2021ರ ಅಕ್ಟೋಬರಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ಚಂದಾ ತಾನಾಗಿ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರುತ್ತದೆ. ಆ ಸಂದೇಶವನ್ನು ಓದುವವರ ಕಾರ್ಡನ್ನೇ ಕೊಡಿ. ನಮ್ಮ ಮನೆಯವರ ಫೋನಿನಲ್ಲಿ ಬ್ಯಾಂಕಿನ ಸಂದೇಶಗಳು ತೆರೆಯದೆ ಸಾಲಾಗಿ ಬಿದ್ದಿರುತ್ತವೆ. ಅವರ ಪುಸ್ತಕ ಓದುವ ರೀತಿಯೂ ಹಾಗೆಯೇ. ಷೇರುಪೇಟೆಯ ಬಗ್ಗೆ ಕಂಡದ್ದನ್ನೆಲ್ಲ ಇಳಿಸಿಕೊಳ್ಳುತ್ತಾರೆ, ಒಂದನ್ನೂ ಮುಗಿಸುವುದಿಲ್ಲ. ಚಂದಾದಲ್ಲಿ ಒಂದು ಖಾತೆ ಒಮ್ಮೆಗೆ ಇಷ್ಟೇ ಪುಸ್ತಕಗಳನ್ನು ಇಟ್ಟುಕೊಳ್ಳಬಹುದು ಎಂಬ ಮಿತಿ ಇರುತ್ತದೆ. ಹೆಸರಿನಲ್ಲೇ ಅನ್‌ಲಿಮಿಟೆಡ್ ಎಂದಿರುವ ಕಿಂಡಲ್‌ನ ಚಂದಾದಲ್ಲೂ ಅದು 20. ಒಬ್ಬರ ಷೇರುಪೇಟೆಯಿಂದ ಉಳಿದವರಿಗೆ ಜಾಗ ಸಿಗದೆ ಹೋಗುವುದುಂಟು.

ಅತ್ತೆಯವರದು ಕೇಳುವ ಓದು. ಪೊರೆ ತೆಗೆಸಿದ ಮೇಲೂ ಅವರಿಗೆ ಪರದೆ ಹಿಡಿಸಲಿಲ್ಲ. ಅಕ್ಕಿ ಆರಿಸುವಾಗ, ಅವರೆಕಾಳು ಬಿಡಿಸುವಾಗ ಫೋನಿನಲ್ಲಿ ಕಾದಂಬರಿ ಹಚ್ಚಿಕೊಳ್ಳುತ್ತಾರೆ. ಮಧ್ಯಾಹ್ನ ಕೇಳುತ್ತಲೇ ನಿದ್ದೆ ಹೋದರೆ ಕತೆ ತನ್ನ ಪಾಡಿಗೆ ಮುಗಿದಿರುತ್ತದೆ, ಎಚ್ಚರಾದಾಗ ನಾಯಕಿ ಯಾಕೆ ಅಳುತ್ತಿದ್ದಾಳೆಂದು ಗೊತ್ತಾಗುವುದಿಲ್ಲ. ಇಂಥ ಆಪ್‌ಗಳಲ್ಲಿ ಸ್ಲೀಪ್ ಟೈಮರ್ ಎಂಬ ಸೌಲಭ್ಯ ಇರುತ್ತದೆ. ಇಷ್ಟು ನಿಮಿಷಕ್ಕೆ, ಇಲ್ಲವೇ ಅಧ್ಯಾಯ ಮುಗಿದ ಕೂಡಲೇ ನಿಲ್ಲು ಎಂದು ಹೇಳಬಹುದು. ಹಿರಿಯರಿಗೆ ಫೋನ್ ಕೊಡುವ ಮೊದಲು ಕಲಿಸಬೇಕಾದದ್ದು ಇದೊಂದೇ.

ಪಾಸ್‌ವರ್ಡ್ ಹೊಸಲು ದಾಟಬಾರದು. ನಾದಿನಿ ಕೇಳಿದಳೆಂದು ಕೊಟ್ಟದ್ದು ಅವಳ ಪಕ್ಕದ ಮನೆಯವರೆಗೆ ಹೋಯಿತು, ಸಾಧನಗಳ ಮಿತಿ ತುಂಬಿ ಅತ್ತೆಯವರ ಫೋನು ತಾನಾಗಿ ಖಾತೆಯಿಂದ ಹೊರಬಿತ್ತು. ಪಾಸ್‌ವರ್ಡ್ ಬದಲಿಸಿ, ನಾದಿನಿಗೆ ಒಂದು ವರ್ಷದ ಚಂದಾವನ್ನೇ ಉಡುಗೊರೆ ಕೊಟ್ಟೆ. ಸಂಬಂಧ ಉಳಿಸಿಕೊಳ್ಳಲು ಅದು ಅಗ್ಗದ ದಾರಿ. ಲೇಖಕರ ಕಡೆಯಿಂದ ನೋಡಿದರೂ ಇದೇ ಸರಿ. ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ತಾವೇ ಪ್ರಕಟಿಸಿಕೊಂಡ ಲೇಖಕರಿಗೆ 2015ರ ಜುಲೈಯಿಂದ ಹಣ ಬರುವುದು ಓದಿದ ಪುಟಗಳ ಲೆಕ್ಕದ ಮೇಲೆ. ಒಬ್ಬ ಗ್ರಾಹಕ ಒಂದು ಪುಟವನ್ನು ಮೊದಲ ಸಲ ಓದಿದ್ದಷ್ಟೇ ಅಲ್ಲಿ ಲೆಕ್ಕಕ್ಕೆ. ಅದೇ ಖಾತೆಯಲ್ಲಿ ಐದು ಜನ ಓದಿದರೂ ಬರೆದವರಿಗೆ ಒಬ್ಬರು ಓದಿದ ಹಣ.

ಚಿಕ್ಕ ಮಕ್ಕಳಿಗೆ ಚಂದಾ ಬೇಕೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯಕ್ಕೂ ಶುಲ್ಕ ಇಲ್ಲ. ಶುಲ್ಕ ಇಲ್ಲ ಎಂದರೆ, ನಾವು ಆಗಲೇ ಕಟ್ಟಿದ್ದೇವೆ: ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಶೇ 6ರಷ್ಟು ಗ್ರಂಥಾಲಯ ಕರ ಎಂದು ಇರುತ್ತದೆ. ಇಡೀ ಮನೆಯ ಪರವಾಗಿ ಕಟ್ಟಿದ ಚಂದಾ ಅದು. ಬಳಸಿಕೊಳ್ಳುವವರು ಕಡಿಮೆ.

ಕನ್ನಡ ಪುಸ್ತಕಗಳ ಮಾತೇ ಬೇರೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು, ಕನ್ನಡ ಹೊರಗೆ ನಿಂತಿತು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳಿವೆ. ಮೈಲ್ಯಾಂಗ್‌ನಂಥ ಕನ್ನಡದ್ದೇ ಆಪ್ ಬಂದು ಇ-ಪುಸ್ತಕ, ಆಡಿಯೋ ಪುಸ್ತಕ ಎರಡನ್ನೂ ಕೊಡುತ್ತಿದೆ. ಅಲ್ಲಿ ಬೇಕಾದ ಪುಸ್ತಕವನ್ನು ಒಂದೊಂದಾಗಿ ಕೊಳ್ಳಬಹುದು. ನಮ್ಮ ಮನೆ ಕಡೆಗೆ ನಿಂತದ್ದು ಈ ಏರ್ಪಾಡಿಗೆ: ಇಂಗ್ಲಿಷಿಗೆ ಚಂದಾ, ಕನ್ನಡಕ್ಕೆ ಖರೀದಿ. ಕನ್ನಡ ಪುಸ್ತಕದ ಬೆಲೆ ಹೇಗೂ ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಹೆಚ್ಚಾಗುವುದು ಅಪರೂಪ.

ನೀವು ಚಂದಾ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಮನೆಯ ಒಬ್ಬೊಬ್ಬರಿಂದಲೂ ಈ ವರ್ಷ ಓದಬೇಕೆಂದಿರುವ ಐದು ಪುಸ್ತಕಗಳ ಹೆಸರು ಬರೆಸಿಕೊಳ್ಳಿ, ಆ ಹೆಸರುಗಳು ಚಂದಾದಲ್ಲಿವೆಯೇ ಎಂದು ಹುಡುಕಿ. ಅರ್ಧದಷ್ಟೂ ಸಿಗದಿದ್ದರೆ ಆ ಹಣಕ್ಕೆ ಪಟ್ಟಿಯಲ್ಲಿರುವ ಪುಸ್ತಕಗಳನ್ನೇ ಕೊಳ್ಳಿ.