ಅಟ್ಟದ ಮೇಲಿನ ಬಿದಿರ ಕೊಳವೆ

ಮದ್ದೂರಿನಲ್ಲಿ ನಮ್ಮ ನೆರೆಯವರು ಅಟ್ಟ ತೆರವು ಮಾಡುವಾಗ ಬಿದಿರ ಕೊಳವೆಯೊಂದು ಸಿಕ್ಕಿತು. ಸೊಂಟದುದ್ದ, ತಲೆಗೆ ಮರದ ಬಟ್ಟಲು, ಬುಡಕ್ಕೆ ಕಬ್ಬಿಣದ ಮೊನೆ. ಮನೆಯ ಯಜಮಾನರು “ಮುರಿದ ಕೂರಿಗೆಯ ಕೊಳವೆ, ಒಲೆಗೆ ಹಾಕಿರಿ” ಎಂದರು. ನಾವು ಒಂದು ದಿನದ ಮಟ್ಟಿಗೆ ಕೇಳಿಕೊಂಡು ಶಾಲೆಗೆ ತಂದೆವು.

ಎಣ್ಣೆ ಸುರಿಯುವ ಆಲಿಕೆ ಎಂದನೊಬ್ಬ ಹುಡುಗ. ಆದರೆ ಜಿಡ್ಡಿನ ಗುರುತಿಲ್ಲ. ಒಳಗಿನ ಗಿಣ್ಣುಗಳನ್ನು ಒಡೆದು ನಯಮಾಡಿದೆ. ಕಾಳು ಜಾರಿ ಜಾರಿ ಹೊಳಪು ಬಂದಿದೆ. ಮೊನೆ ಒಂದೇ ಮಗ್ಗುಲಿಗೆ ಸವೆದಿರುವುದರಿಂದ, ಇದು ಮಣ್ಣಿನಲ್ಲಿ ಒಂದೇ ದಿಕ್ಕಿಗೆ ಎಳೆಯುತ್ತಿದ್ದ ವಸ್ತು. ಕೂರಿಗೆಯ ಕೊಳವೆಗಳಿಗಾದರೆ ಎಲ್ಲಕ್ಕೂ ಸೇರಿ ಒಂದೇ ಬಟ್ಟಲು. ಇದಕ್ಕೆ ತನ್ನದೇ ಬಟ್ಟಲಿದೆ. ನಡುವೆ ಹಗ್ಗ ಉಜ್ಜಿದ ಗೆರೆಯಿತ್ತು. ಗೋಡೆಗೆ ತೂಗುಹಾಕಿದ ಗುರುತೆಂದು ನಾವು ತಿಳಿದೆವು, ಅದು ತಪ್ಪು.

ತಪ್ಪು ತಿದ್ದಿದವರು ಆ ಮನೆಯ ಮುದುಕಿ. “ಇದು ಸಡ್ಡೆ ಅಲ್ಲೇನ್ರಿ ಮಾಸ್ತರೇ! ಕೂರಿಗಿ ಹಿಂದ ಹಗ್ಗ ಕಟ್ಟಿ, ತೊಗರಿ ಬಿಡ್ತಾ ನಾ ನಡದೀನಿ.” ಮತ್ತೆ ಅಟ್ಟ ಹತ್ತಿ ಹುಡುಕಿದೆವು. ತೆಲುಗರು ಗೊರ್ರು ಎನ್ನುವ ಕೂರಿಗೆಯ ಹಳೆಯ ಬಟ್ಟಲು ಸಿಕ್ಕಿತು. ಮೂರು ತೂತುಗಳಲ್ಲಿ ನಡುವಿನದಕ್ಕೆ ಅರಿವೆ ತುರುಕಿತ್ತು! ಎರಡು ಸಾಲು ಜೋಳ, ನಡುವಿನ ಖಾಲಿ ಸಾಲಿಗೆ ಸಡ್ಡೆಯ ತೊಗರಿ. ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇಂಥ ಬಿದಿರ ಸಾಧನವನ್ನು ಹೇಳಿದ್ದಾನೆ.

ಮಕ್ಕಳಿಗೆ ಲೆಕ್ಕ ಕೊಟ್ಟೆವು. ಎಕರೆಗೆ ೪೩,೫೬೦ ಚದರಡಿ. ತೊಗರಿ ಸಾಲುಗಳ ಅಂತರ ೩ ಅಡಿಯಾದರೆ ಸಾಲಿನ ಒಟ್ಟು ಉದ್ದ ೧೪,೫೨೦ ಅಡಿ, ಅಂದರೆ ಎರಡೂಮುಕ್ಕಾಲು ಮೈಲಿ. ಅರ್ಧ ಅಡಿಗೊಂದು ಕಾಳಿನಂತೆ ೨೯,೦೪೦ ಕಾಳು. ನೂರು ಕಾಳಿಗೆ ೧೦ ಗ್ರಾಮಿನಂತೆ ಸುಮಾರು ೨.೯ ಕಿಲೋ. ಇಷ್ಟನ್ನೂ ಆ ತಾಯಿ ಬೆರಳ ಸಂದಿಯಲ್ಲೇ ಅಳೆಯುತ್ತಿದ್ದರು, ಅಷ್ಟು ದೂರ ನಡೆದು. ಕೂರಿಗೆ ಹೊಡೆದವರ ಹೆಸರು ಊರಿಗೆ ನೆನಪಿದೆ, ಸಡ್ಡೆ ಹಿಡಿದವರದು ಇಲ್ಲ.

ಈ ಜೋಡಿ ಬೆಳೆ ಇಂದಿಗೂ ಕೆಲಸಕ್ಕೆ ಬರುವಂಥದು. ಮೊದಮೊದಲು ತೊಗರಿ ನಿಧಾನ. ಜೋಳ ಕೊಯ್ದ ಮೇಲೆ ಹಬ್ಬಿ, ಆಳದ ಬೇರಿನಿಂದ ಕೆಳಗಿನ ಹಸಿ ಹೀರಿ ಬೆಳೆಯುತ್ತದೆ. ಟ್ರಾಕ್ಟರ್ ಕೂರಿಗೆ ಉಳ್ಳವರು ಪೆಟ್ಟಿಗೆಯಲ್ಲಿ ಅಡ್ಡ ಹಲಗೆ ಕೊಟ್ಟು ಪ್ರತಿ ಮೂರನೆಯ ಕೊಳವೆಗೆ ತೊಗರಿ ಬಿಡಬಹುದು. ಬಿತ್ತುವ ಮುನ್ನ ಗಟ್ಟಿ ನೆಲದ ಮೇಲೆ ಹತ್ತು ಮಾರು ಓಡಿಸಿ, ಬಿದ್ದ ಕಾಳುಗಳನ್ನು ಎಣಿಸಿ ನೋಡಿರಿ.

ಕೊಳವೆ ಈಗ ಶಾಲೆಯ ಕಪಾಟಿನಲ್ಲಿದೆ. ಅರಿವೆಯನ್ನು ತೂತಿನಿಂದ ತೆಗೆದಿಲ್ಲ.