ಶುಲ್ಕವಿಲ್ಲ, ಖರ್ಚಿದೆ

ಬರ್ಲಿನ್‌ನ ಫ್ರೀ ವಿಶ್ವವಿದ್ಯಾಲಯದಲ್ಲಿ ‘ಸಮಾಜಶಾಸ್ತ್ರ: ಯುರೋಪಿಯನ್ ಸಮಾಜಗಳು’ ಎಂ.ಎ. ಮಾಡುವ ನಿಮ್ಮ ಆಸೆ ಸರಿಯಾದದ್ದೇ. ನಾಲ್ಕು ಸೆಮಿಸ್ಟರ್‌ಗಳ ಕೋರ್ಸು, ಪಾಠ ಇಂಗ್ಲಿಷಿನಲ್ಲಿ. ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್‌ಗೊಮ್ಮೆ ಸಣ್ಣದೊಂದು ಮೊತ್ತ ಕಟ್ಟಬೇಕಷ್ಟೇ.

ಆದರೆ ಖರ್ಚಿನ ಬಗ್ಗೆ ನಿಮ್ಮ ತಂದೆಯವರಿಗಿರುವ ಚಿಂತೆಯನ್ನು ತಳ್ಳಿಹಾಕಬೇಡಿ. ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೇ ಎಂದು ಹಣ ತೆಗೆಯಬಹುದಾದ ಖಾತೆಯಲ್ಲಿ) ಮೊದಲೇ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಅಂಕಪಟ್ಟಿಗಳ ನೈಜತೆಗೆ ದೆಹಲಿಯ ಎಪಿಎಸ್ ಎಂಬ ಪರಿಶೀಲನಾ ಕೇಂದ್ರದ ಪ್ರಮಾಣಪತ್ರವೂ ಬೇಕು. ಅದಕ್ಕೆ ಇಂದೇ ಅರ್ಜಿ ಹಾಕಿ.

ನನಗೆ ನಿಜವಾಗಿ ಕಳವಳ ತಂದದ್ದು ‘ಅಂಕಿಅಂಶ ಕಂಡರೆ ಆಗದು’ ಎಂಬ ನಿಮ್ಮ ಮಾತು. ದೇಶ ದೇಶಗಳನ್ನು ಹೋಲಿಸಿ ನೋಡುವ ಅಧ್ಯಯನ ಇದು. 2002ರಿಂದ ನಡೆಯುತ್ತಿರುವ ಯುರೋಪಿಯನ್ ಸೋಷಿಯಲ್ ಸರ್ವೆಯಂಥ ದತ್ತಾಂಶ ಇಲ್ಲಿ ದಿನನಿತ್ಯದ ಊಟ. ಆ ಸರ್ವೆಯ ದತ್ತಾಂಶ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು ಅಂಕಿಅಂಶ ವಿಶ್ಲೇಷಿಸುವ ‘ಆರ್’ ತಂತ್ರಾಂಶದಲ್ಲಿ ಕೈಯಾಡಿಸಿ. ಬೇಸರವಾದರೆ ಕೋರ್ಸೇ ಬೇಡ.

ಹಿಡಿಸಿದರೆ ಜರ್ಮನ್ ಕಲಿಯಲು ಶುರುಮಾಡಿ. ತರಗತಿಗೆ ಇಂಗ್ಲಿಷ್ ಸಾಕು, ಅಲ್ಲಿ ಕೆಲಸ ಹುಡುಕಲು ಸಾಲದು.