ಹಣ್ಣಿನ ವಾಸನೆಯ ‘ಹೈಬ್ರಿಡ್’ ಗಾಂಜಾ: ಹೆಸರಿನ ಹಿಂದೆ ಏನಿದೆ, ಹೊಲಕ್ಕೆ ಬಂದ್ರೆ ಏನಾಗುತ್ತೆ?

‘ಬ್ಲೂಬೆರಿ’, ‘ಟ್ಯಾಂಜಿ’, ‘ಸ್ಟ್ರಾಬೆರಿ ಕಫ್’ ಅನ್ನೋ ಹೆಸರುಗಳು ಮೊಬೈಲಲ್ಲಿ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಇವು ಹಣ್ಣಿನ ತಳಿಗಳಲ್ಲ, ವಿದೇಶದಲ್ಲಿ ಬೆಳೆಸಿದ ಗಾಂಜಾ ತಳಿಗಳು. ಅರಿಶಿನ, ಜೋಳದ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕಿ ಕೇಸಾದ ಸುದ್ದಿ ನಮ್ಮ ಕೊಳ್ಳೇಗಾಲ, ಹನೂರು ಕಡೆ ಹೊಸದೇನಲ್ಲ. ಧನಗೆರೆ ಸುತ್ತಮುತ್ತಲಿನ ಹುಡುಗರೂ ಈ ವಿಷಯ ಸರಿಯಾಗಿ ತಿಳಿದಿರಲಿ ಅಂತ ಈ ವಾರದ ಪಾಠಕ್ಕೆ ಇದನ್ನೇ ತಗೊಂಡಿದ್ದೇನೆ.

ಹೈಬ್ರಿಡ್ ಅಂದ್ರೆ ಏನು?

ನಮ್ಮ ಹಿಪ್ಪುನೇರಳೆಯನ್ನೇ ನೋಡಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕೊಟ್ಟ ವಿ-1 ಕೂಡ ಎರಡು ತಳಿಗಳನ್ನು ಅಡ್ಡಹಾಯಿಸಿ ಪಡೆದದ್ದು. ಅದನ್ನು ನಾವು ಕಡ್ಡಿ ನೆಟ್ಟೇ ಬೆಳೆಸುತ್ತೇವೆ, ಯಾಕಂದ್ರೆ ಬೀಜದಿಂದ ಬಂದ ಗಿಡ ತಾಯಿಯಂತೆಯೇ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಗಾಂಜಾ ಹೈಬ್ರಿಡ್ ಕಥೆಯೂ ಅಷ್ಟೇ. ಬೀಜದ ಪೊಟ್ಟಣದ ಮೇಲೆ ಯಾವ ಹೆಸರು ಬರೆದಿದ್ರೂ ಒಳಗಿನ ಬೀಜ ಅದೇ ಅಂತ ಹೇಳೋಕಾಗಲ್ಲ. ಟೊಮೆಟೊ ಬೀಜದ ಪ್ಯಾಕೆಟ್ ಮೇಲೆ ಲಾಟ್ ನಂಬರ್, ಮೊಳಕೆ ಪ್ರಮಾಣ, ಪರೀಕ್ಷೆ ದಿನಾಂಕ ಇರುತ್ತೆ. ಮೋಸ ಆದ್ರೆ ಕೃಷಿ ಇಲಾಖೆಗೆ ದೂರು ಕೊಡಬಹುದು. ಕಳ್ಳದಾರಿಯಲ್ಲಿ ಬಂದ ಈ ಬೀಜಕ್ಕೆ ಯಾರ ಹತ್ರ ದೂರು ಕೊಡ್ತೀರಿ?

ಹಣ್ಣಿನ ವಾಸನೆ ಎಲ್ಲಿಂದ ಬರುತ್ತೆ?

ಹೆಣ್ಣು ಗಿಡದ ಹೂವಿನ ಮೇಲೆ ಅಂಟಂಟಾದ ಸಣ್ಣ ಗ್ರಂಥಿಗಳಿರುತ್ತವೆ. ವಾಸನೆ ಕೊಡುವ ಟರ್ಪೀನ್‌ಗಳೂ ಅಮಲು ತರುವ ಟಿಎಚ್‌ಸಿಯೂ ಅಲ್ಲೇ ತಯಾರಾಗುತ್ತವೆ. ಈ ಟರ್ಪೀನ್‌ಗಳು ನಮಗೆ ಹೊಸವೇನಲ್ಲ:

- ಲಿಮೊನೀನ್: ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿ ಇರುತ್ತೆ
- ಮಿರ್ಸೀನ್: ಮಾವಿನಲ್ಲಿ ಇರುತ್ತೆ
- ಲಿನಲೂಲ್: ಕೊತ್ತಂಬರಿ ಬೀಜದಲ್ಲಿ ಇರುತ್ತೆ
- ಕ್ಯಾರಿಯೊಫಿಲೀನ್: ಕಾಳುಮೆಣಸಿನಲ್ಲಿ ಇರುತ್ತೆ

ಟಿಎಚ್‌ಸಿಗೆ ವಾಸನೆಯೇ ಇಲ್ಲ. ಅದಕ್ಕೇ ‘ಸಿಹಿ ವಾಸನೆ, ಸೌಮ್ಯವಾದ ಮಾಲು’ ಅನ್ನೋ ಮಾತನ್ನು ನಂಬಬೇಡಿ. ನಾರಿಗಾಗಿ ಬೆಳೆಯುವ ಹೆಂಪ್‌ನಲ್ಲಿ ಟಿಎಚ್‌ಸಿ ಶೇ 0.3ರ ಒಳಗಿರಬೇಕು ಅನ್ನೋದು ಹಲವು ಕಡೆ ಇರುವ ಮಿತಿ. ಹೊಸ ಹೈಬ್ರಿಡ್‌ಗಳಲ್ಲಿ ಅದು ಶೇ 15, ಶೇ 20 ದಾಟುವುದೂ ಉಂಟು. ಟಿಎಚ್‌ಸಿ ಹೆಚ್ಚಾದಷ್ಟೂ, ಅದರಲ್ಲೂ ಹದಿಹರೆಯದವರಿಗೆ, ಮಾನಸಿಕ ಕಾಯಿಲೆಯ ಅಪಾಯ ಹೆಚ್ಚು.

ಕಾನೂನು ಏನು ಹೇಳುತ್ತೆ?

1985ರ ಎನ್‌ಡಿಪಿಎಸ್ ಕಾಯ್ದೆಯ ಈ ಕಲಂಗಳನ್ನು ನೆನಪಿಡಿ.

- ಕಲಂ 20: ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. 20 ಕೆ.ಜಿ.ಗಿಂತ ಹೆಚ್ಚು ಗಾಂಜಾ ಸಿಕ್ಕಿದ್ರೆ ಕನಿಷ್ಠ 10 ವರ್ಷ ಜೈಲು, ಅದು 20 ವರ್ಷದವರೆಗೂ ಹೋಗಬಹುದು.
- ಕಲಂ 25: ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟವರಿಗೂ ಬೆಳೆದವರಷ್ಟೇ ಶಿಕ್ಷೆ.
- ಕಲಂ 46: ತನ್ನ ಜಮೀನಿನಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿದ್ರೆ ಜಮೀನುದಾರ ತಕ್ಷಣ ಮಾಹಿತಿ ಕೊಡಲೇಬೇಕು. ಗೊತ್ತಿದ್ದೂ ಸುಮ್ಮನಿದ್ರೆ ಅದೂ ಅಪರಾಧ.
- ಕಲಂ 54: ನೀವು ಉಳುಮೆ ಮಾಡಿದ ಜಮೀನಿನಲ್ಲಿ ಗಿಡ ಸಿಕ್ಕಿ, ಅದಕ್ಕೆ ಸರಿಯಾದ ವಿವರಣೆ ಕೊಡೋಕೆ ಆಗದಿದ್ರೆ, ತಪ್ಪು ನಿಮ್ಮದೇ ಅಂತ ನ್ಯಾಯಾಲಯ ಭಾವಿಸಬಹುದು.

‘ಭಂಗಿ ಸೊಪ್ಪಿಗೆ ಕೇಸಿಲ್ಲ ಕಣಣ್ಣ’ ಅಂತ ಕೆಲವರು ಹೇಳ್ತಾರೆ. ಹೂವಿನ ತೆನೆ ಸೇರದ ಬರೀ ಎಲೆ ಗಾಂಜಾದ ವ್ಯಾಖ್ಯೆಯಲ್ಲಿ ಬರಲ್ಲ, ಅದು ನಿಜ. ಆದ್ರೆ ಗಿಡ ಬೆಳೆಯೋದಕ್ಕೇ ನಿಷೇಧ ಇದೆ. ಎಲೆ ಬೇಕು ಅಂದ್ರೂ ಮೊದಲು ಗಿಡ ಬೆಳೆಯಬೇಕಲ್ವಾ?

ಇನ್ನೊಂದು ಗೊಂದಲ ಹೆಂಪ್ ಬೀಜದ್ದು. 2021ರಲ್ಲಿ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿದೆ. ತಿನ್ನೋಕೆ ಕೊಂಡರೆ ತಪ್ಪಿಲ್ಲ, ಬಿತ್ತಿದ್ರೆ ಅಪರಾಧ. ಉತ್ತರಾಖಂಡ 2018ರಿಂದ ಹೆಂಪ್ ಕೃಷಿಗೆ ಪರವಾನಗಿ ಕೊಡ್ತಿದೆ. ಆದ್ರೆ ಆ ಪರವಾನಗಿ ಆ ರಾಜ್ಯದಲ್ಲಿ ಮಾತ್ರ ನಡೆಯುತ್ತೆ. ವಿಡಿಯೋ ನೋಡಿ ಇಲ್ಲಿ ಬಿತ್ತಬೇಡಿ.

ನೀವು ಏನು ಮಾಡಬೇಕು?

1. ‘ಬೀಜ ನಾವೇ ಕೊಡ್ತೀವಿ, ಮಾಲು ನಾವೇ ತಗೊಳ್ತೀವಿ, ಯಾರಿಗೂ ಹೇಳ್ಬೇಡಿ’ ಅಂದವರನ್ನು ಅಲ್ಲಿಂದಲೇ ವಾಪಸ್ ಕಳಿಸಿ. ಪೊಲೀಸರು ಬಂದಾಗ ಹೊಲದಲ್ಲಿ ಸಿಗೋದು ನೀವು, ಅವರಲ್ಲ.
2. ಜಮೀನು ಗುತ್ತಿಗೆಗೆ ಕೊಟ್ರೆ ಯಾವ ಬೆಳೆ ಅಂತ ಕರಾರಿನಲ್ಲಿ ಬರೆಸಿ. ತಿಂಗಳಿಗೊಮ್ಮೆ ಹೋಗಿ ಸಾಲಿನ ಒಳಗೂ ನಡೆದು ನೋಡಿ. ಕಾಡಂಚಿನ ಹೊಲ ಆದ್ರೆ ಇದು ಇನ್ನೂ ಮುಖ್ಯ.
3. ಅನುಮಾನದ ಗಿಡ ಕಂಡ್ರೆ ಕಿತ್ತು ಮನೆಗೆ ತರಬೇಡಿ, ಆಗ ಮಾಲು ನಿಮ್ಮ ಕೈಯಲ್ಲೇ ಇದ್ದಂಗಾಗುತ್ತೆ. ಮೊಬೈಲಲ್ಲಿ ಸ್ಥಳದ ಸಮೇತ ಫೋಟೋ ತೆಗೆದು, 112ಕ್ಕೆ ಅಥವಾ ಮಾದಕ ವಸ್ತು ಸಹಾಯವಾಣಿ 1933ಕ್ಕೆ ಕರೆ ಮಾಡಿ.
4. ಮನೆಯಲ್ಲಿ ಯಾರಾದ್ರೂ ಚಟಕ್ಕೆ ಬಿದ್ದಿದ್ರೆ 14446ಕ್ಕೆ ಕರೆ ಮಾಡಿ. ವ್ಯಸನಮುಕ್ತಿಗೆ ಸಲಹೆ ಸಿಗುತ್ತೆ.

ಸುವಾಸನೆಯೇ ಬೇಕಾದ್ರೆ ದವನ ಇದೆ

ಹಣ್ಣಿನಂಥ ಸಿಹಿ ಪರಿಮಳಕ್ಕೆ ಬೆಲೆ ಇರೋದಂತೂ ನಿಜ. ನಮ್ಮ ರಾಜ್ಯದ್ದೇ ದವನಕ್ಕೆ ಅಂಥ ಪರಿಮಳ ಇದೆ. ಹಾರಕ್ಕೂ ಹೋಗುತ್ತೆ, ಅದರ ಎಣ್ಣೆ ಸುಗಂಧ ಉದ್ಯಮಕ್ಕೂ ಹೋಗುತ್ತೆ. ಅಕ್ಟೋಬರ್–ನವೆಂಬರ್‌ನಲ್ಲಿ ಸಸಿಮಡಿ ಮಾಡಿದ್ರೆ ಸುಮಾರು ನಾಲ್ಕು ತಿಂಗಳ ಬೆಳೆ. ಬೀಜ ಬಹಳ ಸಣ್ಣದು, ಹಳೆಯದಾದ್ರೆ ಮೊಳೆಯೋದು ಕಡಿಮೆ. ಅದಕ್ಕೇ ಹೊಸ ಬೀಜವನ್ನೇ ತನ್ನಿ. ಹೂ ಬಿಡುವಾಗ ಮಳೆ ಬಿದ್ರೆ ಎಣ್ಣೆ ಇಳುವರಿಗೆ ಪೆಟ್ಟು.

ಕೊಳ್ಳುವವರು ಯಾರು, ಬಟ್ಟಿ ಇಳಿಸುವ ಘಟಕ ಎಷ್ಟು ದೂರ ಅನ್ನೋದನ್ನು ಬಿತ್ತುವ ಮೊದಲೇ ವಿಚಾರಿಸಿ. ಮೊದಲ ವರ್ಷ ಕೆಲವು ಗುಂಟೆಯಲ್ಲಿ ಮಾತ್ರ ಹಾಕಿ ನೋಡಿ. ಬೆಂಗಳೂರಿನ ಸಿಮ್ಯಾಪ್ ಸಂಶೋಧನಾ ಕೇಂದ್ರ ಸುಗಂಧ ಬೆಳೆಗಳ ಮೇಲೆ ಕೆಲಸ ಮಾಡುತ್ತೆ, ತಳಿ ವಿಷಯಕ್ಕೆ ಅಲ್ಲಿ ಕೇಳಿ.

ದವನದಲ್ಲಿ ಒಂದು ವರ್ಷ ನಷ್ಟ ಆದ್ರೆ ಮುಂದಿನ ವರ್ಷ ಬೇರೆ ಬೆಳೆ ಹಾಕಬಹುದು. ಗಾಂಜಾ ಕೇಸಾದ್ರೆ ವಕೀಲರ ಖರ್ಚಿಗೆ ಜಮೀನೇ ಅಡ ಇಡಬೇಕಾಗುತ್ತೆ. ಈ ಲೆಕ್ಕ ಮನೆಯವರ ಮುಂದೆ ಒಂದ್ಸಲ ಹಾಕಿ ನೋಡಿ, ನಿಮ್ಮ ಗೆಳೆಯರಿಗೂ ತಿಳಿಸಿ.